ಕುದಿಸಿ ಕುಡಿಯಿರಿ ಎಂದ ಹರಾಜಿನಜ್ಜ

ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗಿ ಆಯುಷ್ಯ ಕಳೆದವರ ಗಂಟಲು ಕೊನೆಗೆ ಒಡೆದ ಮಡಕೆಯಾಗುತ್ತದೆ, ಇಲ್ಲವೇ ಕಂಚಾಗುತ್ತದೆ. ಹರಾಜಿನಜ್ಜನವರದು ಕಂಚು. ಕೆಲಸ ಬಿಟ್ಟ ಮೇಲೂ ಅವರು ಬೀದಿಯ ಆ ತುದಿಯಲ್ಲಿ ನಿಂತು ಹೆಂಡತಿಯನ್ನು "ಏ, ಇವಳೇ" ಎಂದು ಕರೆದರೆ ಈ ತುದಿಯ ಮನೆಗಳ ಹೆಂಗಸರೆಲ್ಲ "ಬಂದೆ" ಎನ್ನುತ್ತಿದ್ದರು ಎಂಬುದು ನಮ್ಮ ಓಣಿಗಳ ಹಳೆಯ ನಗೆಮಾತು. ಕುಳ್ಳನೆಯ ಮೈಕಟ್ಟು, ಕತ್ತಿನವರೆಗೂ ಗುಂಡಿ ಹಾಕಿದ ಅಂಗಿ, ದವಡೆಯಲ್ಲಿ ಸದಾ ಒಂದು ಲವಂಗ. ಶಾಲೆಯ ಮುಖವನ್ನು ಹೆಚ್ಚು ಕಂಡವರಲ್ಲ. ಆದರೆ ರಾಶಿ ಬಿದ್ದ ಮಾಲನ್ನು ಒಮ್ಮೆ ಸುತ್ತಿ ಬಂದು, ಅದರಲ್ಲಿ ಎಷ್ಟು ತೂಕವಿದೆ, ಎಷ್ಟು ಕೊಳೆತಿದೆ ಎಂದು ಕಣ್ಣಳತೆಯಲ್ಲೇ ಹೇಳಬಲ್ಲವರಾಗಿದ್ದರು.

ಆ ಕಸುಬಿಗೆ ಒಂದು ನಿಯಮವಿದೆ. ಕೂಗುವವನು ತಡವರಿಸಿದರೆ ಮಾಲು ಅಲ್ಲೇ ಬಾಡುತ್ತದೆ. "ಇರಬಹುದು", "ನೋಡೋಣ" ಎಂಬ ಮಾತುಗಳು ಅವನ ಬಾಯಿಗೆ ನಿಷಿದ್ಧ. ಪ್ರತಿಯೊಂದು ರಾಶಿಗೂ ಒಂದು ಮುಕ್ತಾಯ ಬೇಕು. ಕೊನೆಯ ಕೂಗು ಬಿದ್ದ ಮೇಲೆ ಆ ರಾಶಿಯ ಮಾತು ಮುಗಿಯಿತು, ಕೂಗಿದ್ದನ್ನು ಹಿಂದೆಗೆದುಕೊಳ್ಳುವಂತಿಲ್ಲ. ಅಜ್ಜ ಹೀಗೆಯೇ ಬೆಳೆದರು, ಹೀಗೆಯೇ ಮುದುಕರಾದರು.

ನಮ್ಮ ಬಡಾವಣೆಯ ಸಹಕಾರಿ ಅಂಗಡಿಯ ಮೇಲಿನ ಸಭಾಂಗಣದಲ್ಲಿ ವಾರಕ್ಕೊಂದು ಉಪನ್ಯಾಸ ನಡೆಯುತ್ತಿತ್ತು. ಕರಗುವ ಹಿಮ, ಔಷಧಕ್ಕೆ ಜಗ್ಗದ ರೋಗಾಣು, ಕಾಣೆಯಾಗುತ್ತಿರುವ ಜೇನು, ಉಸಿರಿಗೆ ಸೇರುವ ಹೊಗೆ: ಜಗತ್ತಿನ ಸಂಕಟಗಳೆಲ್ಲ ಸರದಿಯಂತೆ ಆ ಮೆಟ್ಟಿಲು ಹತ್ತಿ ಬರುತ್ತಿದ್ದವು. ಉಪನ್ಯಾಸಕರು ಕಾಲೇಜುಗಳಿಂದ ಬರುತ್ತಿದ್ದರು. ತಿಳಿದವರೇ; ಆದರೆ ಗೋಡೆಗೆ ಓದಿ ಹೇಳುವವರಂತೆ ಮಾತನಾಡುತ್ತಿದ್ದರು. ಜನ ಬಿಟ್ಟಿ ಫ್ಯಾನಿನ ಗಾಳಿಗೆ ತೂಕಡಿಸುತ್ತಿದ್ದರು. ಒಂದು ಸಂಜೆ ಚಿತ್ರ ತೋರಿಸುವ ಯಂತ್ರ ಕೆಟ್ಟು ಸಭೆ ಚದುರತೊಡಗಿದಾಗ, ಸಹಕಾರಿ ಸಂಘದ ಅಧ್ಯಕ್ಷರು ಹಿಂದಿನ ಸಾಲಿನಲ್ಲಿದ್ದ ಅಜ್ಜನನ್ನು "ನಾಲ್ಕು ಮಾತಾಡಿ ಹಿಡಿದಿಡಿ" ಎಂದು ಬೇಡಿಕೊಂಡರು. ಅಜ್ಜ ಎದ್ದು, ಅದುವರೆಗೆ ಉಪನ್ಯಾಸಕರು ಕಡಲ ಮಟ್ಟದ ಬಗ್ಗೆ ಹೇಳಿದ್ದನ್ನೆಲ್ಲ ಹರಾಜಿನ ಧಾಟಿಯಲ್ಲಿ ಎತ್ತಿಕೊಂಡರು.

"ಸಮುದ್ರ ಒಂದು ಗೇಣು ಮೇಲೆ ಬಂತು, ಒಂದು ಗೇಣು! ಯಾರಿದ್ದೀರಿ ಹಿಂದೆ ಸರಿಯೋರು? ಯಾರೂ ಇಲ್ವಾ? ಹಾಗಾದ್ರೆ ಎರಡು ಗೇಣು!"

ಸಭೆ ನಕ್ಕಿತು, ನಗುತ್ತ ಎಚ್ಚರಗೊಂಡಿತು. ಅಂದಿನಿಂದ ಪ್ರತಿ ಉಪನ್ಯಾಸದ ನಂತರ ಅಜ್ಜ ಅದನ್ನು ಆಡುಮಾತಿನಲ್ಲಿ ತಿರುಗಿ ಹೇಳುವುದು ಪದ್ಧತಿಯಾಯಿತು. ಉಪನ್ಯಾಸಕರು ಕೊನೆಯ ಬಸ್ಸಿಗೆಂದು ಇಳಿದು ಹೋಗುತ್ತಿದ್ದರು, ಜನ ಅಜ್ಜನಿಗಾಗಿ ಕುಳಿತಿರುತ್ತಿದ್ದರು. ಅದರಲ್ಲೂ ಅವರು ಮುಗಿಸುವಾಗ ಕೊಡುವ ಒಂದು ಮಾತಿಗಾಗಿ. ರೋಗಾಣುವಿನ ದಿನ, "ಡಾಕ್ಟರ್ ಬರೆದಷ್ಟೂ ಮಾತ್ರೆ ನುಂಗಿ, ಮುಂದಿನ ಸಲಕ್ಕೆ ಅಂತ ಡಬ್ಬಿಯಲ್ಲಿ ಕೂಡಿಡಬೇಡಿ." ಜೇನಿನ ದಿನ, "ಗಿಡ ಹೂ ಬಿಟ್ಟಾಗ ಔಷಧಿ ಹೊಡೆಯೋ ಕೈಗೆ ಹಗ್ಗ ಕಟ್ಟಿ." ಈ ಮಾತುಗಳು ಮರುದಿನ ಅಂಗಡಿಗಳಲ್ಲಿ, ಜಗಲಿಗಳಲ್ಲಿ ಓಡಾಡುತ್ತಿದ್ದವು. ಅಜ್ಜ ಅದನ್ನು ಕೇಳಿಸಿಕೊಳ್ಳಲೆಂದೇ ಬೆಳಗ್ಗೆ ಒಂದು ಸುತ್ತು ಹೊರಡುತ್ತಿದ್ದರೆಂದು ಅವರ ಹೆಂಡತಿ ಹೇಳುತ್ತಿದ್ದರು.

ಹೀಗಿರುವಾಗ ನೀರಿನ ಉಪನ್ಯಾಸ ಬಂತು. ರಸಾಯನಶಾಸ್ತ್ರ ಕಲಿಸುವ ಮೇಡಂ ಒಬ್ಬರು ಬಂದಿದ್ದರು. ಪ್ರಪಂಚದ ಹೊಲಗಳಿಗೆಲ್ಲ ಹಸಿವಿಗಿಂತ ಹೆಚ್ಚು ಗೊಬ್ಬರ ಉಣ್ಣಿಸುತ್ತಿದ್ದೇವೆ, ಬೆಳೆ ಉಂಡು ಬಿಟ್ಟದ್ದು ಮಣ್ಣಿನಾಳಕ್ಕೆ ಇಳಿದು ಅಂತರ್ಜಲ ಸೇರುತ್ತದೆ, ದೇಶದೇಶಗಳ ಬಾವಿಗಳಲ್ಲಿ ಇದೇ ಕಥೆ, ಎಂದರು. ಅದರ ಹೆಸರು ನೈಟ್ರೇಟ್. ದೊಡ್ಡವರು ಹೇಗೋ ತಾಳಿಕೊಳ್ಳುತ್ತಾರೆ. ಬಾಟಲಿ ಹಾಲು ಕುಡಿಯುವ ಎಳೆಗೂಸುಗಳ ರಕ್ತ ಮಾತ್ರ ಅದರಿಂದ ಉಸಿರು ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ನಮ್ಮ ಓಣಿಗಳ ಬೋರ್‌ವೆಲ್ ನೀರಿನಲ್ಲಿ ಅದು ಮಿತಿ ಮೀರಿದೆ. ಕುದಿಸಿದರೆ ಹೋಗುವಂಥದ್ದಲ್ಲ, ಕುದಿಸಿದಷ್ಟೂ ಸಾಂದ್ರವಾಗುತ್ತದೆ. ಕೂಸುಗಳಿಗೆ ಬಸ್ ಡಿಪೋ ಬಳಿಯ ಪೈಪಿನ ನೀರನ್ನೇ ತರಬೇಕು. ಬೋರ್‌ವೆಲ್ ಸರಿಯಾಗಲು ಹೊಲಗಳೇ ಬದಲಾಗಬೇಕು, ಅದಕ್ಕೆ ವರ್ಷಗಳು ಹಿಡಿಯುತ್ತವೆ.

ಇಷ್ಟನ್ನೂ ಅವರು ಹೇಳಿದರು. ಏರಿಳಿತವಿಲ್ಲದ ದನಿಯಲ್ಲಿ, ಗಡಿಯಾರ ನೋಡುತ್ತ ಹೇಳಿದರು, ಆದರೆ ಹೇಳಿದರು. ಡಿಪೋ ಪೈಪಿನ ಹೆಸರು ಬಂದಾಗ ಸಭೆಯಲ್ಲಿ ಒಂದು ನರಳಿಕೆ ಎದ್ದಿತು. ಅಲ್ಲಿಯ ಸರದಿ ಎಂಥದೆಂದು ಕೊಡ ಹೊತ್ತವರಿಗೆ ಗೊತ್ತು. ಅಜ್ಜನ ಕಿವಿಗೆ ಬಿದ್ದದ್ದು ಆ ನರಳಿಕೆಯೊಂದೇ. ಹರಾಜುಕಟ್ಟೆಯಲ್ಲಿ ಕೊಳ್ಳುವವರು ಹಾಗೆ ಮುಖ ತಿರುಗಿಸಿದರೆ ಮಾಲು ಉಳಿಯಿತೆಂದೇ ಅರ್ಥ. ಮೇಡಂ ಮಾತು ಮುಂದುವರಿಸಿದಷ್ಟು ಹೊತ್ತೂ ಅಜ್ಜ ಜನಕ್ಕೆ ಒಪ್ಪುವ ಒಂದು ಮುಕ್ತಾಯವನ್ನು ಮನಸ್ಸಿನಲ್ಲಿ ಹುಡುಕುತ್ತಿದ್ದರು. ಮೇಡಂ ಬಸ್ಸಿಗೆ ಹೋದರು. ಅಜ್ಜ ಎದ್ದು ಹೊಲ, ಗೊಬ್ಬರ, ಬಾವಿ ಎಲ್ಲವನ್ನೂ ಸೊಗಸಾಗಿ ಕೂಗಿ, ಕೊನೆಗೆ ಕೈ ಮೇಲೆತ್ತಿದರು.

"ಕುದಿಸಿ, ಇನ್ನೊಂದು ಸಲ ಕುದಿಸಿ, ಆಮೇಲೆ ಕೂಸಿಗೆ ಕೊಡಿ!"

ಚಪ್ಪಾಳೆ ಬಿತ್ತು. ಕುದಿಸುವುದು ಎಲ್ಲರಿಗೂ ಬರುತ್ತದೆ, ಸರದಿಯಲ್ಲಿ ನಿಲ್ಲಬೇಕಿಲ್ಲ. ಗಳಿಗೆಯ ಹಿಂದೆ ಮೇಡಂ ಹೇಳಿದ್ದನ್ನು ಆ ಸಭೆಯಲ್ಲಿದ್ದ ನಾವೆಲ್ಲ ಕೇಳಿದ್ದೆವು. ಒಬ್ಬರೂ ಎದ್ದು ಹಾಗಲ್ಲ ಎನ್ನಲಿಲ್ಲ.

ಕೆಲವು ವಾರಗಳ ನಂತರ ಲಾಂಡ್ರಿ ಮನೆಯ ಕೂಸು ಆಸ್ಪತ್ರೆ ಸೇರಿತು. ಆ ಮನೆಯ ಯಜಮಾನಿಯನ್ನು ಎಲ್ಲರೂ ಲಾಂಡ್ರಿಯಮ್ಮ ಎನ್ನುತ್ತಾರೆ. ಮಗ ಲಾರಿ ಓಡಿಸುತ್ತ ತಿಂಗಳುಗಟ್ಟಲೆ ಹೊರಗಿರುತ್ತಾನೆ; ಅಂಗಡಿಯನ್ನು ಅತ್ತೆ ಸೊಸೆ ನಡೆಸುತ್ತಾರೆ. ಬಾಣಂತನದ ಜ್ವರದಲ್ಲಿ ಸೊಸೆಯ ಎದೆಹಾಲು ಬತ್ತಿ, ಕೂಸಿಗೆ ಪುಡಿಹಾಲೇ ಗತಿಯಾಗಿತ್ತು. ಒಂದು ಬೆಳಗ್ಗೆ ಅದರ ತುಟಿ ಬೂದಿಗಪ್ಪಾಗಿ ಉಸಿರು ಮೇಲೆ ಮೇಲೆ ಬರತೊಡಗಿತು.

ಸುದ್ದಿಯ ಉಳಿದ ಭಾಗವನ್ನು ತಂದವರು ಅಜ್ಜನ ಹೆಂಡತಿ. ಅಜ್ಜ ಹೊಸ್ತಿಲ ಬಳಿ ಕುಳಿತು ಕಿತ್ತ ಚಪ್ಪಲಿಯ ಬಾರಿಗೆ ಮೊಳೆ ಹೊಡೆಯುತ್ತಿದ್ದರು.

"ಲಾಂಡ್ರಿಯವರ ಮಗು ನಾಳೆ ಮನೆಗೆ ಬರುತ್ತಂತೆ. ಜೀವಕ್ಕೇನೂ ಭಯ ಇಲ್ಲವಂತೆ."

"ಒಳ್ಳೇದಾಯ್ತು ಬಿಡು."

"ಒಳ್ಳೇದಾಗಿದ್ದು ಡಾಕ್ಟರಿಂದ. ಕೆಟ್ಟದ್ದಾಗಿದ್ದು ಬೋರ್‌ವೆಲ್ ನೀರಿಂದ ಅಂತೆ. ಅದೂ ಕುದಿಸಿದ್ದಕ್ಕೆ ಹೆಚ್ಚಾಯ್ತಂತೆ."

ಸುತ್ತಿಗೆ ನಿಂತಿತು. "ಕುದಿಸಿದ್ರೆ ಕೆಟ್ಟದ್ದು ಸಾಯುತ್ತಲ್ಲೇ?"

"ಹುಳ ಆದ್ರೆ ಸಾಯುತ್ತೆ. ಇದು ಉಪ್ಪಿನ ಥರದ್ದಂತೆ. ಉಪ್ಪುನೀರು ಕುದಿಸಿ ನೋಡಿ, ನೀರು ಹೋಗುತ್ತೆ, ಉಪ್ಪು ಎಲ್ಲಿಗೆ ಹೋಗುತ್ತೆ? ಇದನ್ನ ನಿಮ್ಮ ಹಾಲ್‌ನಲ್ಲಿ ಯಾರೂ ಹೇಳ್ಲಿಲ್ವಾ?"

ಅಜ್ಜನಿಗೆ ಆ ಸಂಜೆ ಕಣ್ಣ ಮುಂದೆ ಬಂತು. ಮೇಡಂ ಮಾತನಾಡುತ್ತಿದ್ದಾರೆ, ತಾವು ಸೂರನ್ನು ನೋಡುತ್ತ ತಮ್ಮ ಮಾತನ್ನು ಹೆಣೆಯುತ್ತಿದ್ದಾರೆ.

"ಹೇಳಿರಬೇಕು," ಎಂದರು. "ನಾನು ಕೇಳಿಸ್ಕೊಳ್ಳಲಿಲ್ಲ."

"ಈ ಬೀದೀಲಿ ನಿಮ್ಮ ಮಾತು ನಂಬದೇ ಬದುಕಿದವಳು ನಾನೊಬ್ಬಳೇ ನೋಡಿ," ಎಂದು ಆಕೆ ಎಂದಿನಂತೆ ಕುಟುಕಿದರು.

ಅಷ್ಟರಲ್ಲಿ ಲಾಂಡ್ರಿ ಸೊಸೆಯೇ ಇಸ್ತ್ರಿ ಬಟ್ಟೆಯ ಗಂಟು ಹೊತ್ತು ಬಂದಳು. ತನ್ನ ತಂಗಿಯನ್ನು ಆಸ್ಪತ್ರೆಯಲ್ಲಿ ಮಗುವಿನ ಬಳಿ ಬಿಟ್ಟು, ಬಟ್ಟೆ ಕೊಡುವ ನೆಪ ಮಾಡಿಕೊಂಡು ಬಂದಿದ್ದಳು. ಗಂಟನ್ನು ಇಳಿಸಿದವಳು ಹೋಗಲಿಲ್ಲ.

"ಅಜ್ಜ, ಒಂದು ಮಾತು. ಯಾರು ಹೀಗೆ ಕುದಿಸೋಕೆ ಹೇಳಿದ್ದು ಅಂತ ಡಾಕ್ಟರ್ ಬೈದ್ರು. ಎಲ್ಲರೂ ಕುದಿಸ್ತಾರಲ್ಲ ಸಾರ್ ಅಂದೆ. ನಿಮ್ಮ ಹೆಸರು ಎತ್ತಲಿಲ್ಲ."

ಅಜ್ಜನ ಕೈಯಲ್ಲಿದ್ದ ಚಪ್ಪಲಿ ನೆಲಕ್ಕೆ ಬಿತ್ತು. ಅವಳು ಅದನ್ನೇ ನೋಡುತ್ತ ಮುಂದುವರಿಸಿದಳು. "ಅತ್ತೆ ಒಪ್ತಾನೇ ಇಲ್ಲ. ಹರಾಜಿನಣ್ಣ ಅಷ್ಟು ಜನರ ಮುಂದೆ ಸುಳ್ಳು ಹೇಳ್ತಾರಾ, ನೀನೇ ಸೋಮಾರಿ, ಅರೆಬರೆ ಕಾಯಿಸಿ ಕೊಟ್ಟಿದ್ದೀಯ ಅಂತಾರೆ. ಮಗು ಮನೆಗೆ ಬಂದ ಮೇಲೆ ನಿನ್ನ ಕೈಗೆ ಕೊಡಲ್ಲ, ನಾನೇ ನೋಡ್ಕೋತೀನಿ ಅಂತ ಹಟ ಹಿಡಿದಿದ್ದಾರೆ. ಈಗಲೇ ದೊಡ್ಡ ಪಾತ್ರೆ ಇಟ್ಟಾಯ್ತು. ನೀರು ಅರ್ಧಕ್ಕರ್ಧ ಬತ್ತಬೇಕಂತೆ."

"ಡಾಕ್ಟರ್ ಹೇಳಿದ್ದು ಹೇಳಿದ್ಯಾ?"

"ಹೇಳಿದೆ. ಡಾಕ್ಟರ್ ನಿನ್ನ ಕಣ್ಣೀರು ನೋಡಿ ಹಾಗಂದಿರ್ತಾರೆ ಅಂದ್ರು. ಅವರು ಕೇಳೋದು ನಿಮ್ಮೊಬ್ಬರ ಮಾತು ಅಜ್ಜ. ಒಂದು ಸಲ ಬಂದು ಹೇಳಿ. ನಾಳೆಯೊಳಗೆ."

ಅಜ್ಜ ಮಧ್ಯಾಹ್ನವೇ ಹೋದರು. ಲಾಂಡ್ರಿಯ ಒಳಗೆ ಕಾದ ಬಟ್ಟೆಯ ವಾಸನೆ, ಬಿಳಿ ಹಾಸುಗಳ ಗುಡ್ಡೆ. ಲಾಂಡ್ರಿಯಮ್ಮ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, "ಬನ್ನಿ ಅಣ್ಣ, ಬನ್ನಿ" ಎಂದು ಸ್ಟೂಲು ಎಳೆದರು. ಹಿಂದಿನ ಕೋಣೆಯಲ್ಲಿ ಪಾತ್ರೆಯ ಮುಚ್ಚಳ ಕುದಿಯುವ ನೀರಿಗೆ ತಟತಟನೆ ಬಡಿದುಕೊಳ್ಳುತ್ತಿತ್ತು.

"ಡಾಕ್ಟರ್ ಹೇಗೆ ಹೇಳ್ತಾರೋ ಹಾಗೆ ಮಾಡಿದ್ರೆ ಒಳ್ಳೇದಲ್ವಾ ತಂಗಿ?" ಎಂದರು ಅಜ್ಜ. "ಕೂಸಿಗೆ ಆ ಡಿಪೋ ಪೈಪಿನ ನೀರೇ ತಂದುಬಿಟ್ರೆ..."

ಲಾಂಡ್ರಿಯಮ್ಮ ನಕ್ಕರು. "ಬಂದು ಅತ್ತಳಾ ನಿಮ್ಮ ಮುಂದೆ? ನಿಮ್ಮದು ಬೆಣ್ಣೆಯಂಥ ಮನಸ್ಸು ಅಣ್ಣ. ಅವಳ ತಪ್ಪು ಮುಚ್ಚೋಕೆ ಅಂತ ಆಡಿದ ಮಾತನ್ನ ನೀವೇ ನುಂಗ್ತೀರಾ?"

ಮಾನ ಉಳಿಸಿಕೊಂಡು ಪಾರಾಗಲು ಒಂದು ಬಾಗಿಲು ತಾನಾಗಿ ತೆರೆದಿತ್ತು. ಅಜ್ಜ ಅದರಿಂದಲೇ ಹೊರಬಿದ್ದರು. "ಹಾಗಲ್ಲ..." ಎಂದರು, ಆ ಹೊತ್ತಿಗೆ ಯಾರೋ ಗಿರಾಕಿ ಬಂದ. ಲಾಂಡ್ರಿಯಮ್ಮ ಕೊಟ್ಟ ಒಂದು ಲೋಟ ಕುದಿಸಿ ಆರಿಸಿದ ನೀರನ್ನು ಕುಡಿದು ಮನೆಗೆ ಮರಳಿದರು.

"ಹೇಳಿದ್ರಾ?" ಎಂದರು ಹೆಂಡತಿ.

"ಹೇಳಿದೆ."

"ಏನಂತ?"

"ಡಾಕ್ಟರ್ ಹೇಳಿದ ಹಾಗೆ ಮಾಡಿ ಅಂತ."

"ತಪ್ಪು ಯಾರದು ಅಂತ ಹೇಳಿದ್ರಾ?"

ಅಜ್ಜ ಗೋಡೆ ನೋಡಿದರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ," ಎಂದರು ಆಕೆ, ದನಿ ಏರಿಸದೆ. "ಇಲ್ಲಿ ಎಮ್ಮೆಗೆ ಬರೆ ಬೀಳ್ತಾ ಇದ್ರೆ ಎತ್ತು ಎದುರಿಗೇ ಕೂತು ನೀರು ಕುಡಿದು ಬಂದಿದೆ."

ಸುಳ್ಳನ್ನು ತಿದ್ದಲು ಹೋಗಿ ಅದಕ್ಕೇ ಇನ್ನೊಂದು ಗೂಟ ಬಡಿದು ಬಂದಿದ್ದೇನೆಂಬುದು ಅಜ್ಜನಿಗೆ ತಿಳಿದಿತ್ತು. ಆ ಹುಡುಗಿ ಡಾಕ್ಟರ ಎದುರು ತಲೆ ತಗ್ಗಿಸಿ ತಮ್ಮ ಹೆಸರನ್ನು ಉಳಿಸಿದ್ದಳು. ಇಡೀ ಓಣಿ ಕೊಂಡಾಡಿದ ಬಾಯಿಗೆ ಅವಳ ಹೆಸರನ್ನು ಉಳಿಸಲು ಒಂದು ವಾಕ್ಯ ಹೊರಡಲಿಲ್ಲ.

ಅಂದು ಉಪನ್ಯಾಸದ ದಿನ. ವಿಷಯ ಹಿಮಗಡ್ಡೆ. ಲಾಂಡ್ರಿಯಮ್ಮ ಎಂದಿನಂತೆ ಮೊದಲ ಸಾಲಿನಲ್ಲಿದ್ದರು. ಸೊಸೆ ಆಸ್ಪತ್ರೆಗೆ ಮರಳಿದ್ದಳು. ವಯಸ್ಸಾದ ಉಪನ್ಯಾಸಕರು ಮುಗಿಸಿ, ಕೊಡೆ ಎತ್ತಿಕೊಂಡು ಬಸ್ಸಿಗೆ ಹೊರಟರು. ಜನ ಕುರ್ಚಿಗಳನ್ನು ಸರಿಪಡಿಸಿಕೊಂಡು ಅಜ್ಜನತ್ತ ತಿರುಗಿದರು. ಅಜ್ಜ ದವಡೆಯ ಲವಂಗವನ್ನು ಉಗುಳಿ ಬಂದು ನಿಂತರು.

"ಹಿಮದ ವಿಷಯ ಆಮೇಲೆ. ಮೊದಲು ನೀರಿನ ವಿಷಯ. ಕೂಸಿಗೆ ಬೋರ್‌ವೆಲ್ ನೀರು ಕುದಿಸಿ ಕೊಡಿ ಅಂತ ಅವತ್ತು ಹೇಳಿದ್ದೆ. ಅದು ತಪ್ಪು."

ಸಭೆ ಗೊಳ್ಳೆಂದು ನಕ್ಕಿತು. ಉಲ್ಟಾ ಮಾತಿನಿಂದ ಶುರುಮಾಡುವುದು ಅಜ್ಜನ ವರಸೆಯೇ. ಹಿಂದಿನಿಂದ ಯಾರೋ ಕೂಗಿದರು: "ಹಾಗಾದ್ರೆ ಹಸಿನೀರು ಒಂದು ಸಲ! ಹಸಿನೀರು ಎರಡು ಸಲ!"

"ನಗಬೇಡಿ," ಎಂದರು ಅಜ್ಜ. ಕಂಚಿನ ದನಿ ಇರಲಿಲ್ಲ. ಮುಂದಿನ ಸಾಲಿಗಷ್ಟೇ ಕೇಳುವಂತಿತ್ತು. ಆದ್ದರಿಂದಲೇ ಹಿಂದಿನವರು ಮೌನವಾದರು. "ಕುದಿಸಿದ್ರೆ ಹೋಗಲ್ಲ, ಹೆಚ್ಚಾಗುತ್ತೆ ಅಂತ ಮೇಡಂ ಅವತ್ತೇ ಹೇಳಿದ್ರು. ನಾನು ಕೇಳಿಸ್ಕೊಳ್ಳಲಿಲ್ಲ. ಪೈಪಿಗೆ ಹೋಗಿ ಅಂದ್ರೆ ನಿಮಗೆ ಬೇಜಾರಾಗುತ್ತೆ, ಚಪ್ಪಾಳೆ ಬೀಳಲ್ಲ ಅಂತ ನನ್ನದೇ ಒಂದು ಮಾತು ಕಟ್ಟಿ ಹೇಳಿದೆ. ಲಾಂಡ್ರಿ ಮನೆ ಹುಡುಗಿ ಅದನ್ನ ಚಾಚೂ ತಪ್ಪದೆ ಮಾಡಿದಳು. ಅವಳು ಸೋಮಾರಿಯಾಗಿದ್ದಿದ್ರೆ ಕೂಸಿಗೆ ಇಷ್ಟು ಆಗ್ತಿರಲಿಲ್ಲ. ತಪ್ಪು ಅವಳದಲ್ಲ. ನನ್ನದು."

ಲಾಂಡ್ರಿಯಮ್ಮ ಎದ್ದು ನಿಂತರು.

"ಮಧ್ಯಾಹ್ನ ನನ್ನ ಮನೆಯಲ್ಲಿ ಕೂತು ನೀರು ಕುಡಿದು ಹೋದ್ರಲ್ಲ ಅಣ್ಣ. ಆಗ ಈ ಬಾಯಿ ಎಲ್ಲಿತ್ತು?"

"ಇಲ್ಲೇ ಇತ್ತು ತಂಗಿ. ಧೈರ್ಯ ಇರಲಿಲ್ಲ."

"ನಿಮ್ಮನ್ನ ನಂಬಿ ನಾನು ಆ ಹುಡುಗಿಯ ಮೈಮೇಲೆ ಬಿದ್ದೆನಲ್ರೀ! ತಾಯಿ ಅನ್ನೋದನ್ನೂ ನೋಡದೆ ಆಡಬಾರದ್ದು ಆಡಿದೆನಲ್ರೀ!" ಅಣ್ಣ ಎಂಬುದು ಅವರ ಬಾಯಿಂದ ಅಲ್ಲಿಗೆ ಉದುರಿತು. ಸಾಲನ್ನು ಸೀಳಿಕೊಂಡು ಮೆಟ್ಟಿಲಿಳಿದು ಹೋದರು. ಆ ದೊಡ್ಡ ಪಾತ್ರೆಯ ನೀರು ಚರಂಡಿಗೆ ಬಿದ್ದು ಹಬೆಯಾಡಿದ್ದನ್ನು ಅಕ್ಕಪಕ್ಕದವರು ಕಂಡರು.

ಅಧ್ಯಕ್ಷರು ಸಮಾಧಾನಿ. "ಇರಲಿ ಬಿಡಿ ಅಜ್ಜ, ನಿಮ್ಮ ಉದ್ದೇಶ ಒಳ್ಳೇದೇ ಇತ್ತಲ್ಲ" ಎಂದರು.

"ಕೂಸು ಉದ್ದೇಶ ಕುಡೀಲಿಲ್ಲ ಸಾರ್," ಎಂದರು ಅಜ್ಜ. "ನೀರು ಕುಡೀತು."

ಮರುದಿನ ಆಟೊದಿಂದ ಇಳಿದಾಗ ಕೂಸು ಸೊಸೆಯ ತೋಳಿನಲ್ಲೇ ಇತ್ತು. ಲಾಂಡ್ರಿಯಮ್ಮ ಅದಾಗಲೇ ಡಿಪೋ ಪೈಪಿನಿಂದ ಕೊಡ ತುಂಬಿ ತಂದಿದ್ದರು. ಸೊಸೆಗೆ ಕ್ಷಮೆಯ ಮಾತೇನೂ ಸಿಕ್ಕಲಿಲ್ಲ. ಬಾಗಿಲನ್ನು ಪೂರ್ತಿ ತೆರೆದು, "ಬಿಸಿಲಲ್ಲಿ ಯಾಕೆ ನಿಂತೆ, ಒಳಗೆ ಬಾ" ಎಂದದ್ದಷ್ಟೇ ಸಿಕ್ಕಿತು. ಎದುರು ಬದಿಯಲ್ಲಿ ನಿಂತಿದ್ದ ಅಜ್ಜನನ್ನು ಲಾಂಡ್ರಿಯಮ್ಮ ನೋಡಿದರೂ ಕರೆಯಲಿಲ್ಲ. ಆ ಮನೆಯಲ್ಲಿ ಮತ್ತೆಂದೂ ಯಾರೂ ಅವರಿಗಾಗಿ ಸ್ಟೂಲು ಎಳೆಯಲಿಲ್ಲ, ಅವರೂ ಅದನ್ನು ನಿರೀಕ್ಷಿಸಲಿಲ್ಲ.

ತಪ್ಪೊಪ್ಪಿಕೊಂಡರೆ ಹಗುರಾಗುತ್ತದೆಂದು ಜನ ಹೇಳುತ್ತಾರೆ. ಅಜ್ಜನಿಗೆ ಹಾಗಾಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಭೆಯಲ್ಲಿದ್ದವರು ತಿದ್ದುಪಡಿಯನ್ನು ಕೇಳಿದರು. ಸಭಾಂಗಣದ ಮೆಟ್ಟಿಲನ್ನೇ ಹತ್ತದವರೂ ಆ ಸೊಗಸಾದ ಮಾತನ್ನು ಬಾಯಿಂದ ಬಾಯಿಗೆ ಪಡೆದು ಮನೆಮನೆಯ ಒಲೆಯ ಮೇಲೆ ಇಟ್ಟಿದ್ದರು. "ತಪ್ಪು" ಎಂಬ ಒಣಮಾತಿಗೆ ಹಾಗೆ ತಾನಾಗಿ ನಡೆದು ಹೋಗುವ ಕಾಲುಗಳಿರಲಿಲ್ಲ. ಆದ್ದರಿಂದ ಅಜ್ಜನೇ ನಡೆದರು. ಎಳೆಗೂಸಿರುವ ಮನೆ ಯಾವುದೆಂದು ಒಣಹಾಕಿದ ಪುಟ್ಟ ಬಟ್ಟೆಗಳೇ ಹೇಳುತ್ತಿದ್ದವು.

ಕೆಲವರು ಗಾಬರಿಯಾದರು. ಕೆಲವರು ಬೈದರು. ಒಬ್ಬ ಮುದುಕಿಯಂತೂ, "ಅವತ್ತು ನೀವೇ ಕುದಿಸಿ ಅಂದ್ರಿ, ಇವತ್ತು ನೀವೇ ಬೇಡ ಅಂತೀರಿ. ನಾಳೆ ಬಂದು ನೀರೇ ಬೇಡ ಅನ್ನಲ್ಲ ತಾನೇ?" ಎಂದಳು. ಅಜ್ಜ ನಗಲಿಲ್ಲ. "ಇವತ್ತಿನದು ನಂದಲ್ಲ ತಾಯಿ, ಡಾಕ್ಟರ್ ಹೇಳಿದ್ದು. ಬೇಕಾದ್ರೆ ಹೋಗಿ ಕೇಳಿ," ಎಂದು ಆಸ್ಪತ್ರೆಯ ದಾರಿ ಹೇಳಿ ಮುಂದೆ ಹೋದರು.

ಓಣಿಯ ಕೊನೆಯಲ್ಲಿ, ಮಹಡಿಯ ಮೇಲೆ, ಬೀಡಿ ಅಂಗಡಿಯವನ ಹೆಂಡತಿ ಕೂಸನ್ನು ಹೆಗಲಿಗೆ ಹಾಕಿಕೊಂಡೇ ಎಲ್ಲವನ್ನೂ ಕೇಳಿದಳು. "ಆಯ್ತು ಅಜ್ಜ," ಎಂದಳು. "ಹಾಗೇ ಮಾಡ್ತೀನಿ." ಬಾಗಿಲು ಮುಚ್ಚಿತು. ಅಜ್ಜ ಕಂಬಿ ಹಿಡಿದು ಅರ್ಧ ಮೆಟ್ಟಿಲು ಇಳಿದಿದ್ದರು. ಮೇಲೆ ಲೈಟರ್ ಚಿಟಿಕೆಯ ಸದ್ದಾಯಿತು; ಆಮೇಲೆ ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದು.

ಅವರು ನಿಂತರು. ಮಂಡಿ ನೋಯುತ್ತಿತ್ತು. ಹೇಳಬೇಕಾದದ್ದನ್ನು ಹೇಳಿಯಾಗಿತ್ತು; ಯಾರೂ ಅವರನ್ನು ಇನ್ನು ದೂರುವಂತಿರಲಿಲ್ಲ. ಅವರು ತಿರುಗಿ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದರು.

"ಯಾರು?"

"ನಾನೇ. ಮತ್ತೆ ನಾನೇ."

ಬಾಗಿಲು ಅರೆ ತೆರೆಯಿತು. "ಅದು ಸ್ನಾನಕ್ಕೆ ಇಟ್ಟಿರೋ ನೀರು ಅಜ್ಜ," ಎಂದಳು ಅವಳು, ಕೇಳುವ ಮೊದಲೇ.

ಅಜ್ಜ ಅವಳ ಭುಜದಾಚೆ ನೋಡಿದರು. ಆ ಪಾತ್ರೆಯ ನೀರಿನಲ್ಲಿ ಬೆಕ್ಕಿನ ಮರಿಗೂ ಸ್ನಾನವಾಗುತ್ತಿರಲಿಲ್ಲ.

"ನೀನು ಸುಳ್ಳು ಹೇಳ್ತೀಯ ಅನ್ನಲ್ಲ," ಎಂದರು. "ಕೂಸನ್ನ ಕಟ್ಟಿಕೊಂಡು ಡಿಪೋವರೆಗೂ ಹೋಗೋದು ಕಷ್ಟ, ಅದೂ ಗೊತ್ತು. ಒಲೆ ಆರಿಸು ತಾಯಿ. ಕೊಡ ಎಲ್ಲಿದೆ, ಕೊಡು."

"ಅಯ್ಯೋ, ನೀವು ಹೊತ್ತು ತರ್ತೀರಾ? ಅಷ್ಟು ದೂರದಿಂದ?"

"ಕೊಡು."

ಅವಳು ಮುಖ ಬೇರೆಡೆ ತಿರುಗಿಸಿಕೊಂಡು ಒಲೆ ಆರಿಸಿದಳು. ಬಾಗಿಲ ಹಿಂದಿನಿಂದ ಪ್ಲಾಸ್ಟಿಕ್ ಕೊಡ ತೆಗೆದು ಅವರ ಕೈಗಿತ್ತಳು.